ಭಾರ ಎತ್ತಿದವರು: ಕೈರೋದಿಂದ ಮಣಿಪುರದವರೆಗೆ

ಸಹೋದರಿಯರೇ, ನಿಮ್ಮ ಮನೆಗೆ ತುಂಬಿದ ಗ್ಯಾಸ್ ಸಿಲಿಂಡರ್ ಬಂದಾಗ ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಸಾಗಿಸುವವರು ಯಾರು? ಗಂಡಸರು ಮನೆಯಲ್ಲಿದ್ದರೆ ಅವರು ಎತ್ತಿ ತಂದಿಡುತ್ತಾರೆ. ಇಲ್ಲದಿದ್ದರೆ ನೀವೇ ಅದನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸುತ್ತಾ ಒಲೆಯವರೆಗೆ ತರುತ್ತೀರಿ. ಒಳಗಿನ ಗ್ಯಾಸ್ 14.2 ಕಿಲೋ, ಖಾಲಿ ಸಿಲಿಂಡರಿನದ್ದು ಸುಮಾರು 15 ಕಿಲೋ. ಎರಡೂ ಸೇರಿ ಹತ್ತಿರ ಹತ್ತಿರ 30 ಕಿಲೋ. ಈ ಲೇಖನವನ್ನು ಓದಿ ಮುಗಿಸುವವರೆಗೆ ಆ ಸಿಲಿಂಡರ್ ನಿಮ್ಮ ಕಣ್ಣ ಮುಂದೆ ಇರಲಿ. ಏಕೆಂದರೆ ಇಲ್ಲಿ ಕಿಲೋ ಲೆಕ್ಕ ಬಹಳ ಬರುತ್ತದೆ, ಅಳೆಯಲು ನಮ್ಮ ಕೈಗೆ ಗೊತ್ತಿರುವ ಒಂದು ತೂಕ ಬೇಕು.

ಇದನ್ನು ಬರೆಯಲು ಕಾರಣವಾದದ್ದು ಬೆಟಗೇರಿಯ ಒಂದು ಮನೆ. ಆ ಮನೆಯ ಯಜಮಾನರು ಗದಗ ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಮಗಳು ಪಿಯುಸಿ ಮೊದಲ ವರ್ಷ. ಕಾಲೇಜಿನ ದೈಹಿಕ ಶಿಕ್ಷಕರು ಅವಳ ಬೆನ್ನು, ತೋಳು ನೋಡಿ ವೇಟ್‌ಲಿಫ್ಟಿಂಗ್‌ಗೆ ಹೆಸರು ಕೊಡು ಎಂದಿದ್ದಾರೆ. ಹುಡುಗಿ ಮನೆಗೆ ಬಂದು ಹೇಳಿದ ದಿನದಿಂದ ತಾಯಿಗೆ ನಿದ್ದೆ ಇಲ್ಲ. "ಆಪಾ, ಹೆಣ್ಣುಡುಗಿ ಕಬ್ಬಣ ಎತ್ತಿದ್ರ ನಾಳೆ ಲಗ್ನ ಹ್ಯಾಂಗ್ರೀ? ಹೊಟ್ಟಿಗೆ ಏನರ ಆದ್ರ ಯಾರಿಗೆ ಹೇಳೂದು? ಅರಬಿ ಹೆಂಗ ಇರ್ತಾವ ಏನೋ!" ಎಂದು ನನ್ನ ಮುಂದೆ ಕುಳಿತರು. ತಂದೆಯ ಮಾತು ಇನ್ನೂ ಚಿಕ್ಕದು: "ನಾ ದಿನಾ ಚೀಲ ಎತ್ತತೇನಿ. ನನಗ್ಯಾರು ಪದಕ ಕೊಟ್ಟಾರ?"

ಹುಡುಗಿ ಇದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಕೇಳಿದ್ದು ಬೇರೆಯೇ. "ಆಪಾ, ಮಲ್ಲೇಶ್ವರಿ ದೊಡ್ಡಾಕಿಯೋ, ಮೀರಾಬಾಯಿ ದೊಡ್ಡಾಕಿಯೋ?"

ಮೂರು ಪ್ರಶ್ನೆಗಳಲ್ಲಿ ಸುಲಭವಾದದ್ದು ಹುಡುಗಿಯದು ಎಂದುಕೊಂಡು ನಾನು ಅದರಿಂದಲೇ ಆರಂಭಿಸಿದೆ. ಅದು ಸುಲಭವಲ್ಲವೆಂದು ಆಮೇಲೆ ತಿಳಿಯಿತು.

ಭಾರ ಎತ್ತುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಗರಡಿಮನೆ ಕಂಡವರು ಇಂದಿಗೂ ಇದ್ದಾರೆ. ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಕ್ವಿಂಟಲ್ ಚೀಲ ಎತ್ತುವ ಪಂದ್ಯಗಳು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ಅಲ್ಲಿ ಎತ್ತಿದವನು ಗೆದ್ದ, ಎತ್ತದವನು ಸೋತ. ಅವನ ಮೈತೂಕ ಎಷ್ಟೆಂದು ಕೇಳುವವರಿಲ್ಲ. ಒಲಿಂಪಿಕ್ಸ್‌ನಲ್ಲಿ ಹಾಗಲ್ಲ. ಮೊದಲು ಸ್ಪರ್ಧಿಯನ್ನೇ ತೂಗುತ್ತಾರೆ. 49 ಕಿಲೋದವಳಿಗೆ 49 ಕಿಲೋದವಳೇ ಎದುರಾಳಿ. ನಂತರ ಎರಡು ಬಗೆಯಲ್ಲಿ ಎತ್ತಬೇಕು. ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ತೆಗೆದುಕೊಂಡು ಹೋಗುವುದು ಸ್ನ್ಯಾಚ್. ಮೊದಲು ಹೆಗಲಿಗೆ ತಂದು, ಉಸಿರು ಹಿಡಿದು, ಅಲ್ಲಿಂದ ಮೇಲಕ್ಕೆ ಚಿಮ್ಮಿಸುವುದು ಕ್ಲೀನ್ ಅಂಡ್ ಜರ್ಕ್. ಪ್ರತಿಯೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ದೊಡ್ಡ ತೂಕಗಳನ್ನು ಕೂಡಿಸಿ ವಿಜೇತರನ್ನು ಹೇಳುತ್ತಾರೆ. ಹೆಗಲ ಮೇಲೆ ಚೀಲ ಹೊತ್ತು ನಡೆಯುವ ಹಮಾಲರಿಗೂ ಇವರಿಗೂ ವ್ಯತ್ಯಾಸವಿರುವುದು ಇಲ್ಲೇ. ಹಮಾಲರದ್ದು ಇಡೀ ದಿನದ ಭಾರ, ಇವರದ್ದು ಕೆಲವೇ ಸೆಕೆಂಡುಗಳ ಭಾರ. ಯಾವುದು ಕಷ್ಟ ಎಂದು ನನ್ನನ್ನು ಕೇಳಬೇಡಿ.

ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಒಂದೇ ತಕ್ಕಡಿಯಲ್ಲಿ ಇಡಲು ಹೋದರೆ ಮೊದಲ ತೊಡಕು ನಿಯಮಗಳದ್ದು. ಈಜಿಪ್ಟಿನ ಖಿದ್ರ್ ಅಲ್ ತೂನಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 75 ಕಿಲೋ ವಿಭಾಗದಲ್ಲಿ ಒಟ್ಟು 387.5 ಕಿಲೋ ಎತ್ತಿ ಚಿನ್ನ ಗೆದ್ದರು. ಎರಡನೆಯವರಿಗಿಂತ 35 ಕಿಲೋ ಹೆಚ್ಚು, ಅಂದರೆ ಒಂದು ಸಿಲಿಂಡರಿಗಿಂತಲೂ ಮಿಗಿಲು! ಅವರಿಗಿಂತ ಮೈಭಾರ ಹೆಚ್ಚಿದ್ದವರ ಮುಂದಿನ ವಿಭಾಗದಲ್ಲಿ ಚಿನ್ನ ಗೆದ್ದವರು ಎತ್ತಿದ್ದು 372.5 ಕಿಲೋ ಮಾತ್ರ. ಆದರೆ ಆಗ ಎತ್ತುವ ಬಗೆ ಮೂರಿದ್ದವು. ಹೆಗಲಿನಿಂದ ಬರಿಯ ತೋಳುಬಲದಲ್ಲಿ ಮೇಲೆತ್ತುವ 'ಪ್ರೆಸ್' ಕೂಡ ಲೆಕ್ಕಕ್ಕೆ ಬರುತ್ತಿತ್ತು. ಸರಿಯಾಗಿ ಎತ್ತಿದರೋ ಇಲ್ಲವೋ ಎಂದು ತೀರ್ಪುಗಾರರಿಗೆ ಹೇಳುವುದೇ ಕಷ್ಟವಾಗಿ 1972ರ ಮ್ಯೂನಿಕ್ ಒಲಿಂಪಿಕ್ಸ್ ನಂತರ ಅದನ್ನು ಕೈಬಿಟ್ಟರು. ಮೈತೂಕದ ವಿಭಾಗಗಳೂ ಹಲವು ಸಲ ಬದಲಾಗಿವೆ. ಹೀಗಿರುವಾಗ ತೂನಿಯ 387.5 ಕಿಲೋವನ್ನು ಇಂದಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡುವಂತಿಲ್ಲ.

ಎರಡನೆಯ ತೊಡಕು ಕಾಲದ್ದು. ತೂನಿಯ ಮೈಯಲ್ಲಿ ಕಸುವು ತುಂಬಿದ್ದ ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ನಡೆಯಿತು. 1940ರ ಒಲಿಂಪಿಕ್ಸ್ ಇಲ್ಲ, 1944ರದ್ದೂ ಇಲ್ಲ. 1948ರಲ್ಲಿ ಲಂಡನ್ನಿಗೆ ಹೋದಾಗ ನಾಲ್ಕನೆಯ ಸ್ಥಾನ. 1956ರಲ್ಲಿ ಮನೆಯಲ್ಲಿ ವಿದ್ಯುತ್ ಆಘಾತದಿಂದ ತೀರಿಕೊಂಡರು. ಯುದ್ಧ ನಡೆಯದಿದ್ದರೆ ಆ ಮನುಷ್ಯನ ಕೊರಳಲ್ಲಿ ಎಷ್ಟು ಚಿನ್ನ ಇರುತ್ತಿತ್ತು ಎಂಬುದನ್ನು ಯಾವ ದಾಖಲೆ ಪುಸ್ತಕವೂ ಹೇಳಲಾರದು.

ಇನ್ನು ನಯೀಮ್ ಸುಲೈಮಾನೊಗ್ಲು. ಈ ಹೆಸರನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇವರ ಬದುಕಿನ ದೊಡ್ಡ ಭಾರ ಈ ಹೆಸರೇ ಆಗಿತ್ತು.

ಅವರು ಹುಟ್ಟಿದ್ದು 1967ರಲ್ಲಿ, ಬಲ್ಗೇರಿಯಾದ ತುರ್ಕಿ ಭಾಷೆಯ ಮುಸ್ಲಿಮ್ ಕುಟುಂಬದಲ್ಲಿ. ಎತ್ತರ 147 ಸೆಂಟಿಮೀಟರ್, ಅಂದರೆ ಐದಡಿಯೂ ಇಲ್ಲ. ಹದಿನಾರರ ಹರೆಯದಲ್ಲೇ ವಿಶ್ವದಾಖಲೆ ಬರೆದ ಹುಡುಗ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋಗಬೇಕಿತ್ತು; ಸೋವಿಯತ್ ಬಣದ ದೇಶಗಳು ಬಹಿಷ್ಕರಿಸಿದ್ದರಿಂದ ಬಲ್ಗೇರಿಯಾವೂ ಹೋಗಲಿಲ್ಲ. ಅದೇ ವರ್ಷದ ಕೊನೆಗೆ ಅಲ್ಲಿನ ಕಮ್ಯುನಿಸ್ಟ್ ಸರಕಾರ ತುರ್ಕಿ ಮೂಲದ ಮುಸ್ಲಿಮರ ಹೆಸರುಗಳನ್ನು ಬಲವಂತವಾಗಿ ಬದಲಿಸುವ ಕೆಲಸಕ್ಕೆ ಕೈ ಹಾಕಿತು. ಅಹ್ಮದ್, ಹಸನ್, ಆಯಿಶಾ ಎಂಬ ಹೆಸರುಗಳು ಕಾಗದಪತ್ರಗಳಿಂದ ಮಾಯವಾದವು. ಬೀದಿಯಲ್ಲಿ ತಾಯಿನುಡಿ ಆಡುವುದೂ ಅಪರಾಧವಾಯಿತು. ವಿಶ್ವದಾಖಲೆ ಬರೆದಿದ್ದ ನಯೀಮ್ ಅವರನ್ನೂ ಬಿಡಲಿಲ್ಲ. 1985ರಲ್ಲಿ ಅವರ ಪಾಸ್‌ಪೋರ್ಟಿನಲ್ಲಿ 'ನೌಮ್ ಶಲಮಾನೋವ್' ಎಂದು ಬರೆಯಲಾಯಿತು. ತಾಯಿ ಇಟ್ಟ ಹೆಸರಿನಲ್ಲಿ ಎತ್ತಿದ ಭಾರವನ್ನು ಯಾರೋ ಇಟ್ಟ ಹೆಸರಿಗೆ ಜಮೆ ಮಾಡಿದಂತೆ.

1986ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ನಡೆಯಿತು. ಪಂದ್ಯ ಮುಗಿದ ಮೇಲೆ ನಯೀಮ್ ತಂಡದಿಂದ ತಪ್ಪಿಸಿಕೊಂಡು, ಅಲ್ಲಿನ ತುರ್ಕಿ ಜನರ ಆಶ್ರಯದಲ್ಲಿ ಅಡಗಿ, ತುರ್ಕಿಯ ಅಧಿಕಾರಿಗಳನ್ನು ಸೇರಿಕೊಂಡರು. ಪ್ರಧಾನಿ ತುರ್ಗುತ್ ಒಝಾಲ್ ಅವರನ್ನು ದೇಶಕ್ಕೆ ಕರೆಸಿಕೊಂಡರು. ತಂದೆತಾಯಿ, ತಮ್ಮಂದಿರು ಬಲ್ಗೇರಿಯಾದಲ್ಲೇ ಉಳಿದಿದ್ದರು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತನ್ನ ಹೆಸರಿಗಾಗಿ ತನ್ನವರನ್ನು ಬಿಟ್ಟು ಬಂದದ್ದು ಸರಿಯೇ? ತಾಯಂದಿರಾದ ನೀವು ಏನು ಹೇಳುತ್ತೀರೋ ತಿಳಿಯದು. ನನಗಂತೂ ಆ ತಾಯಿಯ ನೆನಪೇ ಹೆಚ್ಚು ಕಾಡುತ್ತದೆ.

ದೇಶ ಬದಲಿಸಿದವರು ಒಲಿಂಪಿಕ್ಸ್‌ನಲ್ಲಿ ತಕ್ಷಣ ಸ್ಪರ್ಧಿಸಬೇಕಾದರೆ ಹಿಂದಿನ ದೇಶ ಒಪ್ಪಬೇಕು. ತುರ್ಕಿ ಬಲ್ಗೇರಿಯಾಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟು ಆ ಒಪ್ಪಿಗೆ ಪಡೆಯಿತೆಂದು ಆಗಿನ ವರದಿಗಳು ಹೇಳುತ್ತವೆ. 1988ರ ಸೆಪ್ಟೆಂಬರ್, ಸೋಲ್ ನಗರ. 60 ಕಿಲೋ ವಿಭಾಗದಲ್ಲಿ ಸ್ನ್ಯಾಚ್ 152.5, ಕ್ಲೀನ್ ಅಂಡ್ ಜರ್ಕ್ 190, ಒಟ್ಟು 342.5 ಕಿಲೋ. 190 ಕಿಲೋ ಎಂದರೆ ಆರು ತುಂಬಿದ ಸಿಲಿಂಡರುಗಳು, ಮೇಲೊಂದು ಹತ್ತು ಕಿಲೋ ಜೋಳದ ಚೀಲ. ಅದನ್ನು ಹೊತ್ತ ದೇಹದ ತೂಕ 60 ಕಿಲೋ. ತನ್ನ ಮೈತೂಕದ ಮೂರು ಪಟ್ಟಿಗೂ ಹೆಚ್ಚು! ಬೆಳ್ಳಿ ಗೆದ್ದ ಬಲ್ಗೇರಿಯಾದ ಸ್ಪರ್ಧಿ ಅವರಿಗಿಂತ 30 ಕಿಲೋ ಹಿಂದೆ ಇದ್ದರು. ಮರುವರ್ಷ ಬಲ್ಗೇರಿಯಾ ಗಡಿ ತೆರೆದಾಗ ಮೂರು ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಗಂಟುಮೂಟೆ ಕಟ್ಟಿಕೊಂಡು ತುರ್ಕಿಗೆ ಬಂದರು.

ನಯೀಮ್ 1992ರಲ್ಲಿ ಬಾರ್ಸಿಲೋನಾದಲ್ಲಿ ಮತ್ತೆ ಗೆದ್ದರು. 1996ರಲ್ಲಿ ಅಟ್ಲಾಂಟಾದಲ್ಲಿ ಗ್ರೀಸಿನ ಲಿಯೊನಿಡಿಸ್ ಜೊತೆ ನಡೆದ ಸೆಣಸಾಟದಲ್ಲಿ ಒಬ್ಬರ ದಾಖಲೆಯನ್ನು ಇನ್ನೊಬ್ಬರು ಮುರಿಯುತ್ತಾ ಹೋಗಿ, ಕೊನೆಗೆ 335 ಕಿಲೋದೊಂದಿಗೆ ನಯೀಮ್ 2.5 ಕಿಲೋ ಅಂತರದಲ್ಲಿ ಮೂರನೆಯ ಚಿನ್ನ ಪಡೆದರು. ಅಲ್ಲಿಗೆ ನಿಲ್ಲಿಸಬಹುದಿತ್ತು. 2000ದಲ್ಲಿ ಸಿಡ್ನಿಗೂ ಹೋದರು. 145 ಕಿಲೋವನ್ನು ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಕೈಬಿಟ್ಟರು. ಮುಂದೆ ಯಕೃತ್ತಿನ ಕಾಯಿಲೆ ಅಂಟಿಕೊಂಡು 2017ರ ನವೆಂಬರ್‌ನಲ್ಲಿ, ಐವತ್ತನೆಯ ವಯಸ್ಸಿನಲ್ಲಿ ನಿಧನರಾದರು. ಇಂಥ ದೇಹವನ್ನೂ ಸಾವು ಐವತ್ತಕ್ಕೇ ಕರೆದುಕೊಂಡಿತು. ಇನ್ನಾ ಲಿಲ್ಲಾಹಿ.

ಪುರುಷರ ಮಾತು ಸಾಕು. ಇರಾನಿನ ಹುಸೈನ್ ರೆಝಾಝಾದೆ 2000 ಮತ್ತು 2004ರಲ್ಲಿ ಎರಡೂ ಸಲ ಸರಿಯಾಗಿ 472.5 ಕಿಲೋ ಎತ್ತಿ ಚಿನ್ನ ಗೆದ್ದ ಕಥೆಯೂ ಇದೆ, ಅದನ್ನು ಮನೆಯ ಗಂಡುಮಕ್ಕಳು ನಿಮಗೆ ಹೇಳಲಿ.

ಹೆಣ್ಣುಮಕ್ಕಳ ಕಥೆ ಶುರುವಾಗುವುದೇ ತಡವಾಗಿ. ಪುರುಷರ ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 2000ದಲ್ಲಿ, 104 ವರ್ಷಗಳ ನಂತರ. ಅಷ್ಟು ವರ್ಷ ಹೆಂಗಸರು ಭಾರ ಎತ್ತಿರಲಿಲ್ಲವೇ? ನಮ್ಮ ಮುಂಡರಗಿ ಕಡೆಯ ಹಳ್ಳಿಗಳನ್ನೇ ನೋಡಿ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಹೆಂಗಸರು ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಹೊತ್ತು ಬರುತ್ತಾರೆ. ಟೊಂಕದಲ್ಲೊಂದು, ತಲೆಯ ಮೇಲೊಂದು ಕೊಡ ಹೊತ್ತು ನಡೆದ ಅಜ್ಜಿಯರು ನಮ್ಮೆಲ್ಲರ ಮನೆಯಲ್ಲೂ ಇದ್ದರು. ಅದಕ್ಕೆ ತೀರ್ಪುಗಾರರು ಇರಲಿಲ್ಲ, ಅಷ್ಟೇ.

ಆ 2000ದ ಸಿಡ್ನಿಯಲ್ಲೇ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದದ್ದು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಊಸವಾನಿಪೇಟೆಯವರು, ತಂದೆ ರೈಲ್ವೆ ರಕ್ಷಣಾ ಪಡೆಯ ಪೇದೆ. ಅಕ್ಕ ಕಬ್ಬಿಣ ಎತ್ತುವುದನ್ನು ನೋಡುತ್ತಾ ಹನ್ನೆರಡನೆಯ ವಯಸ್ಸಿಗೆ ತಾವೂ ಕೈ ಹಾಕಿದರು. ಬೆನ್ನ ಹಿಂದೆ ನಿಂತವರು ತಾಯಿ. 1994 ಮತ್ತು 1995ರಲ್ಲಿ 54 ಕಿಲೋ ವಿಭಾಗದ ವಿಶ್ವ ಚಾಂಪಿಯನ್. ಸಿಡ್ನಿಯಲ್ಲಿ 69 ಕಿಲೋ ವಿಭಾಗದಲ್ಲಿ ಸ್ನ್ಯಾಚ್ 110, ಕ್ಲೀನ್ ಅಂಡ್ ಜರ್ಕ್ 130, ಒಟ್ಟು 240 ಕಿಲೋ. ಕೊನೆಯ ಅವಕಾಶದಲ್ಲಿ 137.5 ಕಿಲೋ ಕೇಳಿದರು, ಎತ್ತಿದ್ದರೆ ಚಿನ್ನ. ಎತ್ತಲಾಗಲಿಲ್ಲ. ಚಿನ್ನ, ಬೆಳ್ಳಿ ಗೆದ್ದವರಿಬ್ಬರದೂ 242.5, ಅಂದರೆ ಕೇವಲ 2.5 ಕಿಲೋ ಹೆಚ್ಚು. ನಮ್ಮ ಅಡುಗೆಮನೆಯ ಒಂದು ಡಬ್ಬಿ ಬೇಳೆಯ ತೂಕ. ಆದರೂ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಅದಕ್ಕೆ ಮೊದಲು 1997ರಲ್ಲಿ ಅವರ ಮದುವೆಯಾಗಿತ್ತು. 2001ರಲ್ಲಿ ಮಗ ಹುಟ್ಟಿದ. 2004ರಲ್ಲಿ ಅಥೆನ್ಸ್‌ಗೆ ಹೋಗಿ ಬರಿಗೈಯಲ್ಲಿ ಮರಳಿ ನಿವೃತ್ತರಾದರು. 2021ರಲ್ಲಿ ದೆಹಲಿಯ ಕ್ರೀಡಾ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. ಬೆಟಗೇರಿಯ ತಾಯಿಗೆ ನಾನು ಈ ಮದುವೆ, ಮಗು ಎರಡನ್ನೂ ಒತ್ತಿ ಹೇಳಿದೆ. ಆಕೆ ತಲೆಯಾಡಿಸಿದರು, ಮಾತಾಡಲಿಲ್ಲ.

ಮೀರಾಬಾಯಿ ಚಾನು ಬೇರೆ ಕಾಲದವರು, ಬೇರೆ ಗುಡ್ಡದವರು. ಮಣಿಪುರದ ನೊಂಗ್‌ಪೋಕ್ ಕಾಕ್ಚಿಂಗ್ ಎಂಬ ಹಳ್ಳಿಯಲ್ಲಿ 1994ರಲ್ಲಿ ಹುಟ್ಟಿದರು. ಅಣ್ಣನಿಗೆ ಎತ್ತಲಾಗದ ಕಟ್ಟಿಗೆ ಹೊರೆಯನ್ನು ಹನ್ನೆರಡರ ಮೀರಾ ಎತ್ತಿ ಮನೆಗೆ ತಂದಳಂತೆ. ತರಬೇತಿ ಇದ್ದದ್ದು ದೂರದ ಇಂಫಾಲದಲ್ಲಿ. ಬಸ್ಸಿಗೆ ದಿನಾ ಹಣ ಹೊಂದಿಸುವುದು ಕಷ್ಟ. ಇಂಫಾಲಕ್ಕೆ ಮರಳು ಸಾಗಿಸುವ ಲಾರಿಗಳ ಚಾಲಕರು ಹುಡುಗಿಯನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಪದಕ ಗೆದ್ದ ಮೇಲೆ ಅವರು ಆ ಚಾಲಕರನ್ನೆಲ್ಲ ಹುಡುಕಿಸಿ, ಮನೆಗೆ ಕರೆದು ಊಟ ಹಾಕಿ, ಬಟ್ಟೆ ಕೊಟ್ಟು ಕಳುಹಿಸಿದರು. ತಾಯಿ ತಮ್ಮ ಒಡವೆ ಮಾರಿ ಒಲಿಂಪಿಕ್ ಬಳೆಗಳ ಆಕಾರದ ಚಿನ್ನದ ಓಲೆ ಮಾಡಿಸಿ ಮಗಳ ಕಿವಿಗೆ ಇಟ್ಟಿದ್ದರು. ಆ ಓಲೆ ಹಾಕಿಕೊಂಡು 2016ರಲ್ಲಿ ರಿಯೋಗೆ ಹೋದವಳು ಕ್ಲೀನ್ ಅಂಡ್ ಜರ್ಕ್‌ನ ಮೂರೂ ಯತ್ನಗಳಲ್ಲಿ ಸೋತು, ಹೆಸರಿನ ಮುಂದೆ ಲೆಕ್ಕವೇ ಇಲ್ಲದೆ ವಾಪಸಾದಳು.

ಒಡವೆ ಮಾರಿದ ತಾಯಿಯ ಮನೆಗೆ ಹಾಗೆ ಬರಿಗೈಯಲ್ಲಿ ಬರುವುದು ಎಂತಹ ಭಾರವೆಂದು ನಮ್ಮಂಥ ಮನೆಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ಮರುವರ್ಷವೇ, 2017ರಲ್ಲಿ, ಮೀರಾಬಾಯಿ 194 ಕಿಲೋ ಎತ್ತಿ ವಿಶ್ವ ಚಾಂಪಿಯನ್ ಆದರು. 2021ರ ಜುಲೈ 24ರಂದು ಟೋಕಿಯೋದಲ್ಲಿ 49 ಕಿಲೋ ವಿಭಾಗದಲ್ಲಿ 87 ಮತ್ತು 115, ಒಟ್ಟು 202 ಕಿಲೋ ಎತ್ತಿ ಬೆಳ್ಳಿ. ಕಿವಿಯಲ್ಲಿ ಅದೇ ಓಲೆ. 115 ಕಿಲೋ ಎಂದರೆ ನಾಲ್ಕು ತುಂಬಿದ ಸಿಲಿಂಡರುಗಳಿಗೆ ಐದು ಕಿಲೋ ಕಡಿಮೆ. 2024ರ ಪ್ಯಾರಿಸ್‌ನಲ್ಲಿ 199 ಕಿಲೋ ಎತ್ತಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಕಿಲೋದಿಂದ. ಅಂದು ತಮ್ಮ ಮುಟ್ಟಿನ ಮೂರನೆಯ ದಿನವಾಗಿತ್ತು, ಅದು ಮೈಮೇಲೆ ಸ್ವಲ್ಪ ಪರಿಣಾಮ ಬೀರಿತೆಂದು ಅವರು ಪತ್ರಕರ್ತರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಖಿದ್ರ್ ತೂನಿಗಾಗಲೀ ನಯೀಮ್‌ಗಾಗಲೀ ಇಂಥ ದಿನ ಎಂದೂ ಬರಲಿಲ್ಲವಲ್ಲ! ಹೋಲಿಕೆ ಮಾಡುವ ಪಂಡಿತರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಾರೆ?

ಹುಡುಗಿಯ ಪ್ರಶ್ನೆಗೆ ಬರೋಣ. ಪದಕ ನೋಡಿದರೆ ಕಂಚಿಗಿಂತ ಬೆಳ್ಳಿ ಮೇಲು. ಕಿಲೋ ನೋಡಿದರೆ ಮಲ್ಲೇಶ್ವರಿಯ 240 ಮುಂದೆ. ಕ್ಲೀನ್ ಅಂಡ್ ಜರ್ಕ್‌ನ ಭಾರವನ್ನು ಮೈತೂಕಕ್ಕೆ ಹೋಲಿಸಿದರೆ ಮೀರಾಬಾಯಿ ತಮ್ಮ ಎರಡು ಪಟ್ಟಿಗೂ ಬಹಳ ಮೇಲೆ ಎತ್ತಿದವರು, ಮಲ್ಲೇಶ್ವರಿ ಎರಡು ಪಟ್ಟಿಗೆ ಸ್ವಲ್ಪ ಕೆಳಗೆ. ಆದರೆ ಮೈತೂಕ ಕಡಿಮೆಯಿದ್ದವರಿಗೆ ಈ ಲೆಕ್ಕ ಯಾವಾಗಲೂ ಅನುಕೂಲ. ನನ್ನ ಮಟ್ಟಿಗೆ ಹೇಳುವುದಾದರೆ ಮಲ್ಲೇಶ್ವರಿಯೇ ಒಂದು ಕೂದಲೆಳೆ ಮುಂದೆ. ಅವರಿಗೆ ಮುಂದೆ ನಡೆದು ದಾರಿ ತೋರಿದ ಪದಕದ ಅಕ್ಕ ಇರಲಿಲ್ಲ. ಮೀರಾಬಾಯಿಗೆ ತಮ್ಮದೇ ರಾಜ್ಯದ ಕುಂಜರಾಣಿ ದೇವಿ ಇದ್ದರು, ಮಲ್ಲೇಶ್ವರಿಯೂ ಇದ್ದರು. ಬೆಟಗೇರಿಯ ಹುಡುಗಿ ಇದನ್ನು ಒಪ್ಪಲಿಲ್ಲ. "ರಿಯೋದಾಗ ಸೋತು ಮತ್ತ ಎದ್ದಾಳಲ್ಲ ಆಪಾ, ಆಕಿನ ದೊಡ್ಡಾಕಿ" ಎಂದಳು. ಅವಳ ಮಾತಿನಲ್ಲೂ ಹುರುಳಿದೆ.

ಈಗ ತಾಯಿಯ ಪ್ರಶ್ನೆ. ಮೊದಲು ಉಡುಪು.

ಮೊಣಕೈ, ಮೊಣಕಾಲು ನೆಟ್ಟಗಾದುದು ತೀರ್ಪುಗಾರರಿಗೆ ಕಾಣಬೇಕೆಂಬ ಕಾರಣಕ್ಕೆ ಈ ಆಟದಲ್ಲಿ ತೋಳು, ಕಾಲು ಮುಚ್ಚುವಂತಿರಲಿಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಪಾಕಿಸ್ತಾನಿ ಮೂಲದ ಕುಲ್ಸೂಮ್ ಅಬ್ದುಲ್ಲಾ ಎಂಬ ಕಂಪ್ಯೂಟರ್ ಇಂಜಿನಿಯರಿಂಗ್ ಡಾಕ್ಟರೇಟ್ ಪಡೆದ ಸಹೋದರಿ ಇದನ್ನು ಪ್ರಶ್ನಿಸಿದರು. 2010ರಲ್ಲಿ ಅವರನ್ನು ಉಡುಪಿನ ಕಾರಣಕ್ಕೇ ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ಅವರು ಜಗಳಕ್ಕೆ ನಿಲ್ಲದೆ, ಮೈ ಮುಚ್ಚಿಯೂ ಕೀಲುಗಳು ನೆಟ್ಟಗಾದುದು ಕಾಣುವಂತೆ ಮಾಡಬಹುದೆಂದು ವಿವರವಾಗಿ ಬರೆದು ಮುಂದಿಟ್ಟರು. 2011ರ ಜೂನ್ 29ರಂದು ಅಂತರ್‌ರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಶನ್ ನಿಯಮ ಬದಲಿಸಿತು. ಸ್ಪರ್ಧೆಯ ಉಡುಪಿನ ಒಳಗೆ ಕೈಕಾಲು ಪೂರ್ತಿ ಮುಚ್ಚುವ ಉಡುಪು ತೊಡಬಹುದು, ತಲೆಯನ್ನೂ ಮುಚ್ಚಬಹುದು. ಅದೇ ವರ್ಷ ಕುಲ್ಸೂಮ್ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪಾಕಿಸ್ತಾನದ ಪರ ಹಿಜಾಬಿನಲ್ಲೇ ಕಣಕ್ಕಿಳಿದರು. ಆ ಒಳ ಉಡುಪು ಮೈಗೆ ಅಂಟಿಕೊಂಡಿರಬೇಕು ಎಂಬ ಷರತ್ತಿದೆ ಎಂಬುದನ್ನೂ ಹೇಳಬೇಕು. ಕೆಲವು ಮನೆಗಳಿಗೆ ಅದು ಒಪ್ಪಿಗೆಯಾಗದು, ಕೆಲವು ಮನೆಗಳಿಗೆ ಆಗಬಹುದು. ಅದನ್ನು ನಿಮ್ಮ ಮನೆಯಲ್ಲೇ ಕುಳಿತು ಮಾತಾಡಿಕೊಳ್ಳಿ.

ಹಾಗೆ ಮುಚ್ಚಿಕೊಂಡೇ ಗೆದ್ದವರು ಈಜಿಪ್ಟಿನ ಇಸ್ಮಾಯಿಲಿಯಾದ ಸಾರಾ ಸಮೀರ್. 2016ರಲ್ಲಿ ರಿಯೋದಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮಲ್ಲೇಶ್ವರಿಯ ಅದೇ 69 ಕಿಲೋ ವಿಭಾಗದಲ್ಲಿ 255 ಕಿಲೋ ಎತ್ತಿ ಕಂಚು ಪಡೆದರು. ಒಲಿಂಪಿಕ್ ಪದಕದ ವೇದಿಕೆ ಏರಿದ ಮೊದಲ ಈಜಿಪ್ಟ್ ಮಹಿಳೆ ಅವರು. 'ವೇದಿಕೆ ಏರಿದ' ಎಂದು ಬರೆದದ್ದು ಬೇಕೆಂದೇ. ಏಕೆಂದರೆ ಅದಕ್ಕೂ ಮೊದಲು 2012ರಲ್ಲಿ ಲಂಡನ್ನಿನಲ್ಲಿ ಅಬೀರ್ ಅಬ್ದುರ್ರಹ್ಮಾನ್ ಐದನೆಯವರಾಗಿದ್ದರು. ವರ್ಷಗಳ ನಂತರ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅಂದು ಪದಕ ಗೆದ್ದ ಮೂವರೂ ನಿಷೇಧಿತ ಮದ್ದು ಸೇವಿಸಿದ್ದು ಪತ್ತೆಯಾಗಿ, ಅಬೀರ್ ಬೆಳ್ಳಿಗೆ ಏರಿದರು. ಬೆಳ್ಳಿ ಬಂತು, ಆ ದಿನದ ವೇದಿಕೆ, ಚಪ್ಪಾಳೆ ಬರಲಿಲ್ಲ.

ಮದ್ದಿನ ಈ ಕೊಳೆ ಇಡೀ ಆಟವನ್ನೇ ಕೆಡಿಸಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ತುರ್ಕಿಯ ನುರ್ಜಾನ್ ತೈಲಾನ್ 2004ರಲ್ಲಿ 48 ಕಿಲೋ ವಿಭಾಗದಲ್ಲಿ 210 ಕಿಲೋ ಎತ್ತಿ, ತಮ್ಮ ದೇಶಕ್ಕೆ ಒಲಿಂಪಿಕ್ ಚಿನ್ನ ತಂದ ಮೊದಲ ಮಹಿಳೆಯಾದರು. ಮುಂದೆ 2011ರಲ್ಲಿ ಮದ್ದಿನ ಪ್ರಕರಣದಲ್ಲಿ ನಾಲ್ಕು ವರ್ಷ ನಿಷೇಧಕ್ಕೊಳಗಾದರು. 2004ರ ಅಥೆನ್ಸ್‌ನಲ್ಲಿ ಭಾರತದ ಇಬ್ಬರು ಮಹಿಳಾ ಲಿಫ್ಟರ್‌ಗಳೂ ಸಿಕ್ಕಿಬಿದ್ದರು. ಸಾರಾ ಮಾತ್ರ ಬೇರೆಯವರ ತಪ್ಪಿಗೆ ತೆತ್ತವರು. ತಮ್ಮ ದೇಶದ ಕಿರಿಯ ಸ್ಪರ್ಧಿಗಳ ಮದ್ದಿನ ಪ್ರಕರಣಗಳಿಂದಾಗಿ ಈಜಿಪ್ಟಿನ ವೇಟ್‌ಲಿಫ್ಟಿಂಗ್ ಫೆಡರೇಶನ್ ಅಮಾನತಾಗಿ, ಟೋಕಿಯೋ ಒಲಿಂಪಿಕ್ಸ್‌ಗೆ ಅಲ್ಲಿನ ಯಾರೂ ಹೋಗುವಂತಿರಲಿಲ್ಲ. ಎಂಟು ವರ್ಷ ಕಾದು 2024ರಲ್ಲಿ ಪ್ಯಾರಿಸ್‌ನಲ್ಲಿ 81 ಕಿಲೋ ವಿಭಾಗದಲ್ಲಿ 268 ಕಿಲೋ ಎತ್ತಿ ಸಾರಾ ಬೆಳ್ಳಿ ಗೆದ್ದರು. ಈ ಲೇಖನದ ಎಲ್ಲ ಹೆಸರುಗಳಲ್ಲಿ ಯಾರ ಸಹನೆ ದೊಡ್ಡದು ಎಂದು ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಇವರ ಹೆಸರು ಹೇಳುತ್ತೇನೆ.

ನಿಮ್ಮ ಮಗಳು ಜಿಮ್ಮಿಗೋ ತರಬೇತಿಗೋ ಹೋಗುತ್ತಿದ್ದರೆ ಅವಳಿಗೆ ಕೊಡುವ ಪುಡಿ, ಗುಳಿಗೆ, ಸೂಜಿ ಏನೆಂದು ಕೇಳಿ ತಿಳಿದುಕೊಳ್ಳಿ. ಶಕ್ತಿಯ ಪುಡಿ ಎಂದು ಕೊಟ್ಟರೂ ಡಬ್ಬಿಯ ಮೇಲಿನ ಬರಹ ಓದಿಸಿ. ಇದರಲ್ಲಿ ನಾಚಿಕೆ ಬೇಡ.

ಹೊಟ್ಟೆಯ ಭಯದ ಮಾತು ಉಳಿದಿದೆ. ಎಳೆಯ ವಯಸ್ಸಿನಲ್ಲಿ ಭಾರ ಎತ್ತಿದರೆ ಎತ್ತರ ಕುಗ್ಗುತ್ತದೆ ಎಂಬುದಕ್ಕೆ ವೈದ್ಯರ ಬಳಿ ಆಧಾರವಿಲ್ಲ. ಲಿಫ್ಟರ್‌ಗಳು ಗಿಡ್ಡಗೆ ಕಾಣುವುದು ಈ ಆಟ ಗಿಡ್ಡ ಕೈಕಾಲಿನವರಿಗೆ ಅನುಕೂಲವಾದುದರಿಂದ. ತಿಳಿದವರ ಕಣ್ಣೆದುರು, ಕಡಿಮೆ ತೂಕದಿಂದ ಹಂತ ಹಂತವಾಗಿ ಕಲಿತರೆ ಅವಿವಾಹಿತ ಹುಡುಗಿಯ ಗರ್ಭಕೋಶಕ್ಕೆ ಹಾನಿ ಎಂಬ ಮಾತಿಗೂ ಆಧಾರವಿಲ್ಲ. ಆದರೆ ತೊಂದರೆಯೇ ಇಲ್ಲವೆಂದು ನಾನು ಹೇಳಲಾರೆ. ತಪ್ಪಾಗಿ ಎತ್ತಿದರೆ ಸೊಂಟ, ಮೊಣಕಾಲು, ಹೆಗಲು ಕೆಡುತ್ತವೆ. ಮೈತೂಕ ಇಳಿಸಲು ಹೊಟ್ಟೆಗೆ ಕಡಿಮೆ ತಿಂದರೆ ಮುಟ್ಟು ಏರುಪೇರಾಗುತ್ತದೆ. ದೊಡ್ಡ ಭಾರ ಎತ್ತುವಾಗ ಕೆಲವು ಹೆಂಗಸರಿಗೆ ಮೂತ್ರ ಹನಿಯುವುದೂ ಉಂಟು. ಅದನ್ನು ಬಾಯಿಬಿಟ್ಟು ಹೇಳಿದರೆ ಚಿಕಿತ್ಸೆ ಇದೆ. ಇನ್ನು ಹೆರಿಗೆಯಾದ ಕೆಲವೇ ವಾರಗಳಲ್ಲಿ ಕೊಡ ಹೊತ್ತು, ಹೊಲದ ಕೆಲಸಕ್ಕಿಳಿದು ಗರ್ಭಕೋಶ ಕೆಳಗಿಳಿಸಿಕೊಂಡ ಹೆಂಗಸರು ನಮ್ಮ ಓಣಿಗಳಲ್ಲೇ ಇದ್ದಾರೆ. ಆ ಭಾರದ ಬಗ್ಗೆ ಯಾರೂ ನಿದ್ದೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಧರ್ಮದ ಮಾತನ್ನು ಕೇಳುವವರಿಗೆ ಒಂದು ಘಟನೆಯಷ್ಟೇ ನೆನಪಿಸುತ್ತೇನೆ. ಪ್ರಯಾಣದಲ್ಲಿ ಪ್ರವಾದಿ(ಸ)ರು ಸಂಗಡಿಗರನ್ನು ಮುಂದೆ ಹೋಗಲು ಹೇಳಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಆ ಸಲ ಗೆದ್ದವರು ಆಯಿಶಾ(ರ). ಕಾಲ ಕಳೆದು ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ)ರು ಗೆದ್ದು, ಇದು ಅಂದಿನ ಸೋಲಿಗೆ ಬದಲು ಎಂದು ಹೇಳಿದರು.

ತಂದೆಯ ಪ್ರಶ್ನೆ ಕಡೆಯದು. ಪದಕ ಯಾರು ಕೊಡುತ್ತಾರೆ? ನಮ್ಮ ಕರ್ನಾಟಕದಿಂದ ವೇಟ್‌ಲಿಫ್ಟಿಂಗ್‌ನಲ್ಲಿ ಒಲಿಂಪಿಕ್ ಪದಕ ಇನ್ನೂ ಬಂದಿಲ್ಲ. ಹತ್ತಿರದ ಉದಾಹರಣೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ. ತಂದೆ ವಾಹನ ಚಾಲಕ. ಹುಡುಗ ಮೊದಲು ಕುಸ್ತಿಯ ಹುಚ್ಚಿನವನು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವುದಕ್ಕೆ ಹೊರಳಿದರು. ವಾಯುಪಡೆಯಲ್ಲಿ ಕೆಲಸ ಸಿಕ್ಕಿತು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ 269 ಕಿಲೋ ಎತ್ತಿ ಕಂಚು. ಇಲ್ಲಿ ಗಮನಿಸಬೇಕಾದದ್ದು ಪದಕಕ್ಕಿಂತ ಆ ಕಾಲೇಜು. ಸರಿಯಾದ ವಯಸ್ಸಿನಲ್ಲಿ ಕಬ್ಬಿಣ, ಕಲಿಸುವವರು, ಹೊಟ್ಟೆತುಂಬ ಊಟ ಒಂದೇ ಜಾಗದಲ್ಲಿ ಸಿಕ್ಕವು. ನಮ್ಮ ಹಮಾಲರ ಹೆಗಲಿಗೆ ಸಿಗದೇ ಹೋದದ್ದು ಅದೇ. ಆ ತಂದೆಗೆ ಹೀಗೆಂದು ಹೇಳಿದಾಗ ಅವರು ಬಹಳ ಹೊತ್ತು ತಮ್ಮ ಹೆಗಲನ್ನೇ ತಿಕ್ಕಿಕೊಳ್ಳುತ್ತಾ ಕುಳಿತಿದ್ದರು.

ತಾಯಿ ಕೊನೆಗೆ ಕೇಳಿದ್ದು ಎರಡೇ ಮಾತು. ಕಲಿಸುವ ಜಾಗದಲ್ಲಿ ಹೆಣ್ಣು ಶಿಕ್ಷಕಿ ಇರುತ್ತಾರೆಯೇ? ಮಗ್ರಿಬ್‌ನೊಳಗೆ ಮನೆಗೆ ಬಿಡುತ್ತಾರೆಯೇ? ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಬರುವ ಸೋಮವಾರ ಎಲ್ಲರೂ ಕಾಲೇಜಿಗೆ ಹೋಗಿ ಕೇಳುವುದೆಂದು ಮಾತಾಯಿತು. ಆ ದಿನ ಯಾರ್ಡಿಗೆ ರಜೆ ಹಾಕಿ ತಾನೂ ಬರುವುದಾಗಿ ತಂದೆ ಹೇಳಿದ್ದಾರೆ.